ಬೆನ್ನಿನಲ್ಲಿ ಉಸಿರಾಡುವ ಪಾಠ

ಚಿಕ್ಕೋಡಿ ಬಸ್ ಡಿಪೋದ ಡ್ರೈವರ್ ನಾಮದೇವನ ಮಗಳು ನೀಲಮ, ನಡೆಯಲು ಕಲಿಯುವ ಮೊದಲೇ ಕುಣಿಯಲು ಕಲಿತಳೆಂದು ಅವರ ಓಣಿಯವರು ಈಗಲೂ ಹೇಳುತ್ತಾರೆ. ತಾಯಿ ಸತ್ತೆವ್ವ ಕಬ್ಬಿನ ಹೊಲಕ್ಕೆ ಕಳೆ ತೆಗೆಯಲು ಹೋಗುವಾಗ ಕೂಸನ್ನು ಬದುವಿನ ಮೇಲೆ ಕೂರಿಸುತ್ತಿದ್ದಳು. ಸಾಲಿನೊಳಗಿಂದ ಹೆಂಗಸರ ಹಾಡು ಎದ್ದರೆ ಸಾಕು, ಕೂಸು ಬದುವಿನ ಹುಲ್ಲು ಹಿಡಿದು ಎದ್ದು ನಿಂತು ಸೊಂಟ ಆಡಿಸುತ್ತಿತ್ತು.

ನಾಮದೇವ ಆಗ ಚಿಕ್ಕೋಡಿ–ನಿಪ್ಪಾಣಿ ಬಸ್ಸು ಓಡಿಸುತ್ತಿದ್ದ. ನಿಪ್ಪಾಣಿಯಲ್ಲಿ ಬಸ್ಸು ನಿಲ್ಲಿಸಿ ಚಹಾ ಕುಡಿಯುವ ಅಂಗಡಿಯ ಎದುರಿಗೆ ಒಂದು ಹಳೆಯ ಮಾಳಿಗೆ ಮನೆ. ಅದರ ಮೇಲಿನಿಂದ ಗೆಜ್ಜೆಯ ಸದ್ದು, ಕೋಲು ಬಡಿಯುವ ಸದ್ದು ಕೇಳಿಬರುತ್ತಿತ್ತು. ಕಮಲಾಬಾಯಿ ಎನ್ನುವವರು ಅಲ್ಲಿ ಭರತನಾಟ್ಯ ಕಲಿಸುತ್ತಾರೆಂದು ತಿಳಿದ ಮೇಲೆ ಒಂದು ರವಿವಾರ ಮಗಳನ್ನು ಇಂಜಿನ್ ಪಕ್ಕದ ಸೀಟಿನಲ್ಲಿ ಕೂರಿಸಿಕೊಂಡು ಹೋದ. ಖಾಕಿ ಅಂಗಿಯಲ್ಲೇ ಮೆಟ್ಟಿಲು ಹತ್ತಿ, ಬಾಗಿಲ ಹೊರಗೆ ನಿಂತು, "ಬಾಯಾರ, ಇಕಿ ಸುಮ್ಮ ಕುಂದ್ರೂದಿಲ್ರಿ, ನಿಮ್ಮ ಕೂಡ ಇಟಗೋರ್ರಿ" ಎಂದ. ಕಮಲಾಬಾಯಿ ಹುಡುಗಿಯನ್ನು ಒಮ್ಮೆ ಮೇಲಿನಿಂದ ಕೆಳಗೆ ನೋಡಿದರು. ಮಂಡಿ ಮಡಚಿ ನಿಲ್ಲಲು ಹೇಳಿದರು. ಹುಡುಗಿ ನಿಂತ ರೀತಿ ನೋಡಿ ಒಳಗೆ ಕರೆದುಕೊಂಡರು.

ಹೊಟ್ಟೆ ಒಳಗೆ, ಎದೆ ಮುಂದೆ, ಮುಖದ ಮೇಲೆ ನಗು. ಇದು ಕಮಲಾಬಾಯಿಯವರ ಪಾಠ. ಅವರಿಗೂ ಅವರ ಗುರುಗಳು ಹೀಗೆಯೇ ಕಲಿಸಿದ್ದರು. ನೀಲಮ ಅದನ್ನು ಎಷ್ಟು ಶ್ರದ್ಧೆಯಿಂದ ಕಲಿತಳೆಂದರೆ ಬಸ್ಸಿನಲ್ಲಿ ಕೂತಾಗಲೂ ಹೊಟ್ಟೆಯನ್ನು ಬೆನ್ನಿಗೆ ಅಂಟಿಸಿಕೊಂಡೇ ಕೂರುತ್ತಿದ್ದಳು. ಅವಳ ಹಾರಿಕೆ ನೋಡಲೆಂದೇ ಜನ ಬರುತ್ತಿದ್ದರು. ಕೊಲ್ಹಾಪುರದಲ್ಲಿ ಕುಣಿದಳು, ಬೆಳಗಾವಿಯಲ್ಲಿ ಕುಣಿದಳು. ಓದು ಮುಗಿದ ಮೇಲೆ ಅಥಣಿಯ ಒಂದು ಶಾಲೆಯಲ್ಲಿ ನೃತ್ಯದ ಟೀಚರ್ ಆದಳು. ಉಸಿರು ಎನ್ನುವುದೊಂದು ತನ್ನೊಳಗಿದೆ ಎಂದು ಅಲ್ಲಿಯವರೆಗೆ ಅವಳು ಒಮ್ಮೆಯೂ ಯೋಚಿಸಿರಲಿಲ್ಲ. ಕುಣಿತ ಮುಗಿದಾಗ ಅದು ಏದುಸಿರಾಗಿ ಬರುತ್ತಿತ್ತು, ಆಮೇಲೆ ಹೋಗುತ್ತಿತ್ತು. ಅಷ್ಟೆ.

ಇಪ್ಪತ್ತಾರನೆಯ ವಯಸ್ಸಿನಲ್ಲಿ ಅವಳಿಗೆ ಸಂಜೆ ಸಂಜೆಗೆ ಜ್ವರ ಬರತೊಡಗಿತು. ಎಡಪಕ್ಕೆಯಲ್ಲಿ ಚುಚ್ಚಿದಂತೆ ನೋವು. ಮೊದಲು ಕೆಲಸದ ದಣಿವೆಂದುಕೊಂಡಳು. ಒಂದು ದಿನ ಮಕ್ಕಳಿಗೆ ಹೆಜ್ಜೆ ತೋರಿಸಲು ಹೋಗಿ ಗೋಡೆ ಹಿಡಿದು ಕುಸಿದಾಗ ಶಾಲೆಯವರು ಮನೆಗೆ ಫೋನ್ ಮಾಡಿದರು. ನಾಮದೇವ ಅವಳನ್ನು ಮಿರಜಿಗೆ ಕರೆದೊಯ್ದ. ಆ ಸೀಮೆಯ ಜನಕ್ಕೆ ದೊಡ್ಡ ಬೇನೆ ಎಂದರೆ ಮಿರಜಿನ ದವಾಖಾನೆಯೇ. ಕ್ಷಯ ಎಂದು ತಿಳಿಯಿತು. ಎಡ ಪುಪ್ಪುಸದ ಸುತ್ತ ನೀರು ತುಂಬಿತ್ತು. ನೀರು ತೆಗೆದರು, ಗುಳಿಗೆ ಶುರು ಮಾಡಿದರು. ತಿಂಗಳುಗಳ ನಂತರ ಬೇನೆ ಹೋಯಿತು. ಆದರೆ ದಮ್ಮು ತಿರುಗಿ ಬರಲಿಲ್ಲ. ಅಡುಗೆಮನೆಯಿಂದ ಹಿತ್ತಲಿಗೆ ಹೋಗಿ ಬಂದರೆ ಕೂರಬೇಕಾಗುತ್ತಿತ್ತು. ಒಮ್ಮೆ ಸುಮ್ಮನೆ, ಕೈಯಲ್ಲಿ ತಾಟು ಹಿಡಿದುಕೊಂಡೇ ಹಳೆಯ ರೂಢಿಯಂತೆ ಗಿರಕಿ ಹೊಡೆದಳು. ಕಣ್ಣಿಗೆ ಕತ್ತಲೆ ಬಂದು ಒಲೆಯ ಪಕ್ಕದಲ್ಲೇ ಬಿದ್ದಳು. ಅಂದಿನಿಂದ ಅವಳಿಗೆ ತಿರುಗುವುದೆಂದರೆ ಭಯ.

ಮತ್ತೆ ಮಿರಜಿಗೆ ಹೋದಾಗ ಅಲ್ಲಿಯ ಡಾಕ್ಟರು, ಕನ್ನಡ ಮರಾಠಿ ಎರಡನ್ನೂ ಕಲಸಿ ಮಾತಾಡುವ ನಡುವಯಸ್ಸಿನ ಹೆಂಗಸು, ಅವಳನ್ನು ಸೋನೋಗ್ರಫಿ ಕೋಣೆಯಲ್ಲಿ ಮಲಗಿಸಿದರು. ಪಕ್ಕೆಗೆ ತಣ್ಣನೆಯ ಜೆಲ್ ಹಚ್ಚಿ ಯಂತ್ರದ ಹಿಡಿಕೆ ಒತ್ತಿದರು. ಪರದೆಯನ್ನು ಅವಳ ಕಡೆ ತಿರುಗಿಸಿ, "ನೋಡು" ಎಂದರು.

ಕಪ್ಪು ಬೂದಿ ಬಣ್ಣದ ನಡುವೆ ಕಮಾನಿನಂತೆ ಬಾಗಿದ ಒಂದು ಬಿಳಿ ಗೆರೆ. ಅದು ಕೆಳಗೆ ಇಳಿಯಿತು. ತುಸು ತಡೆದು ಮೇಲೆ ಏರಿತು. ಮತ್ತೆ ಇಳಿಯಿತು. ಯಾವ ಅವಸರವೂ ಇಲ್ಲ, ಯಾರೂ ಹೇಳಿದ್ದೂ ಇಲ್ಲ.

"ಇದು ಬಲಗಡೆ. ಎದಿಗೂ ಹೊಟ್ಟಿಗೂ ನಡು ಇರೂ ಪಡದಾ" ಎಂದರು ಡಾಕ್ಟರು. "ನೀ ಹುಟ್ಟಿದಾಗಿಂದ ಹಿಂಗ ಏರತೈತಿ, ಇಳೀತೈತಿ. ನೀ ಮಲಗಿದಾಗೂ ಬಿಟ್ಟಿಲ್ಲ."

ನೀಲಮ ಕಣ್ಣು ಮಿಟುಕಿಸದೆ ನೋಡಿದಳು. ಗೆಜ್ಜೆ ಕಟ್ಟಿದ ದಿನದಿಂದ ಅವಳು ಎಷ್ಟೋ ಕನ್ನಡಿಗಳ ಎದುರು ನಿಂತಿದ್ದಳು. ಇದನ್ನು ಯಾವ ಕನ್ನಡಿಯೂ ತೋರಿಸಿರಲಿಲ್ಲ. ತಾನು ಕುಣಿದ ಪ್ರತಿ ವೇದಿಕೆಯ ಮೇಲೂ ಇದು ತನ್ನೊಳಗೆ ಇದ್ದೇ ಇತ್ತಲ್ಲ, ಅದನ್ನು ತಾನು ಹೊಟ್ಟೆ ಬಿಗಿಹಿಡಿದು ತಡೆದೇ ಇದ್ದೆನಲ್ಲ ಎಂದು ಅವಳಿಗೆ ಅನ್ನಿಸಿತು. ಕಣ್ಣಲ್ಲಿ ನೀರು ಬಂದದ್ದು ಯಾಕೆಂದು ಅವಳಿಗೇ ತಿಳಿಯಲಿಲ್ಲ.

ಡಾಕ್ಟರು ಹಿಡಿಕೆಯನ್ನು ಎಡಕ್ಕೆ ಸರಿಸಿದರು. ಅಲ್ಲೂ ಬಿಳಿ ಗೆರೆ ಇತ್ತು. ಆದರೆ ಅದು ನಿಂತ ನೀರಿನ ಹಾಗೆ ಒಂದಿಷ್ಟು ನಡುಗಿತು, ಅಷ್ಟೆ.

"ಇದಕ್ಕ ಮರತ ಹೋಗೇತಿ. ನೋವು ಇದ್ದಾಗ ಸುಮ್ಮ ಇರೂದ ಕಲತೈತಿ. ಈಗ ನೆನಪು ಮಾಡಿ ಕೊಡಬೇಕು."

"ಮತ್ತ ಕುಣೀತೇನೇನ್ರಿ?"

"ಮೊದಲ ಉಸರಾಡಾಕ ಕಲಿ. ಉಳದದ್ದು ಆಮ್ಯಾಲ ನೋಡೂಣು."

ಅಲ್ಲಿಯ ವ್ಯಾಯಾಮದವರು ಎಡಪಕ್ಕೆಯ ಮೇಲೆ ಅಂಗೈ ಇಟ್ಟು, ಆ ಕೈಯ ಕೆಳಗೆ ಉಸಿರು ತುಂಬುವುದನ್ನು, ತುಟಿ ಸಣ್ಣದು ಮಾಡಿ ನಿಧಾನ ಬಿಡುವುದನ್ನು ಕಲಿಸಿ ಕಳಿಸಿದರು. ನೀಲಮ ಮನೆಗೆ ಬಂದು ಅದನ್ನು ನೃತ್ಯದ ತಾಲೀಮಿನ ಹಾಗೆಯೇ ಹಿಡಿದಳು. ಹಲ್ಲು ಕಚ್ಚಿ, ಹುಬ್ಬು ಗಂಟಿಕ್ಕಿ, ಬಲವಂತವಾಗಿ ಉಸಿರು ಎಳೆಯುತ್ತಿದ್ದಳು. ತಲೆ ತಿರುಗುತ್ತಿತ್ತು, ಕುತ್ತಿಗೆ ನೋಯುತ್ತಿತ್ತು, ಎಡಪಕ್ಕೆ ಮಾತ್ರ ಕಲ್ಲಿನ ಹಾಗೆ ಇರುತ್ತಿತ್ತು.

ನಾಮದೇವ ಕೆಲ ದಿನ ಇದನ್ನು ನೋಡಿದ. ಅವರ ಓಣಿಯ ತುದಿಗೆ ಒಂದು ಸಣ್ಣ ಬುದ್ಧ ವಿಹಾರ. ರವಿವಾರ ಬೆಳಿಗ್ಗೆ ಅಲ್ಲಿ ಕೆಲವರು ಕಣ್ಣು ಮುಚ್ಚಿ ಕೂತು ಉಸಿರನ್ನು ಗಮನಿಸುತ್ತಾರೆ. ಆನಾಪಾನ ಎನ್ನುತ್ತಾರೆ ಅದಕ್ಕೆ. ನಾಮದೇವ ಬಹಳ ವರ್ಷಗಳಿಂದ ಹೋಗುತ್ತಿದ್ದ, ಆದರೆ ಮನೆಯಲ್ಲಿ ಅದರ ಬಗ್ಗೆ ಮಾತಾಡಿದವನಲ್ಲ. ಅಂದು ಮಗಳ ಪಕ್ಕಕ್ಕೆ ಬಂದು ಕೂತ.

"ಬಾಳಾ, ತವಂದಿ ಘಾಟ ಏರೂವಾಗ ಗಾಡಿ ದಮ್ಮ ಬಿಡತೈತಿ. ಆವಾಗ ಎಕ್ಸಿಲೇಟರ್ ಮ್ಯಾಲ ನಿಂತರ ಏರೂದಿಲ್ಲ. ಗೇರ್ ಇಳಸಬೇಕು. ಗಾಡಿ ತನ್ನ ಪಾಡಿಗೆ ತಾ ಏರತೈತಿ."

"ಹಂಗಂದ್ರ ಏನ ಮಾಡ್ಲಿ ಅಪ್ಪಾ?"

"ಏನೂ ಮಾಡಬ್ಯಾಡ. ಉಸರ ತರಾಕ ಹೋಗಬ್ಯಾಡ. ಬರೂದನ್ನ ನೋಡು, ಹೋಗೂದನ್ನ ನೋಡು. ಅದು ಸಣ್ಣದಿದ್ರ ಸಣ್ಣದ ಐತಿ ಅಂತ ನೋಡು."

ಏನೂ ಮಾಡದಿರುವುದು ನೀಲಮಳಿಗೆ ಎಲ್ಲಕ್ಕಿಂತ ಕಷ್ಟದ ತಾಲೀಮಾಯಿತು. ಕೂತರೆ ಬೆನ್ನು ನೆಟ್ಟಗೆ ಮಾಡಿ ವೇದಿಕೆಯ ಭಂಗಿಗೆ ಬಂದುಬಿಡುತ್ತಿದ್ದಳು. ಅದಕ್ಕೆ ಮಲಗಿದಳು. ನೆಲಕ್ಕೆ ಅಜ್ಜಿ ಹೊಲಿದ ಕೌದಿ ಹಾಸಿ, ಮಂಡಿ ಮಡಚಿ, ಅಂಗಾಲು ನೆಲಕ್ಕೆ ಊರಿ, ಮೈಯ ಭಾರವನ್ನೆಲ್ಲ ಕೌದಿಗೆ ಬಿಟ್ಟು ಬೆಳಿಗ್ಗೆ ಮಲಗುತ್ತಿದ್ದಳು. ಹಿಮ್ಮಡಿ ಭಾರ, ಸೊಂಟ ಭಾರ, ತಲೆ ಭಾರ. ಮೈಯ ಎಷ್ಟು ಭಾಗವನ್ನು ತಾನು ವೃಥಾ ಎತ್ತಿ ಹಿಡಿದುಕೊಂಡಿದ್ದೆ ಎಂಬುದು ಬಿಟ್ಟಾಗಲೇ ತಿಳಿಯಿತು. ದವಡೆ, ಹೆಗಲು, ಕಣ್ಣಿನ ಹಿಂದಿನ ಭಾಗ ಕೂಡ.

ಮಳೆಗಾಲದ ಒಂದು ಬೆಳಿಗ್ಗೆ ಹಾಗೆ ಮಲಗಿದ್ದಾಗ ಎಡಬೆನ್ನಿಗೆ ಏನೋ ತಾಗಿತು. ಕೌದಿಯ ಹೊಲಿಗೆಯ ಒಂದು ಗೆರೆ. ತಾಗಿತು, ಬಿಟ್ಟಿತು, ಮತ್ತೆ ತಾಗಿತು. ಮೊದಲು ಅವಳಿಗೆ ಅರ್ಥವಾಗಲಿಲ್ಲ. ಕೌದಿ ಅಲುಗುವುದಿಲ್ಲ. ಅಲುಗುತ್ತಿರುವುದು ಬೆನ್ನು. ಅವಳು ಬಿಗಿಹಿಡಿದ ಎದೆಯಿಂದಲ್ಲ, ಒತ್ತಿದ ಹೊಟ್ಟೆಯಿಂದಲ್ಲ, ಯಾರೂ ನೋಡದ ಹಿಂಬದಿಯಿಂದ, ಎಲುಬುಗಳ ನಡುವಿನಿಂದ ಉಸಿರು ಒಳಗೆ ಬರುತ್ತಿತ್ತು.

"ಅವ್ವಾ" ಎಂದು ಮೆಲ್ಲನೆ ಕರೆದಳು, ಜೋರಾಗಿ ಕೂಗಿದರೆ ಅದು ಹೆದರಿ ಓಡಿಹೋದೀತೆಂಬ ಹಾಗೆ. "ಇಲ್ಲಿ ಕೈ ಇಡು."

ಸತ್ತೆವ್ವ ಹಿಟ್ಟಿನ ಕೈಯನ್ನು ಸೆರಗಿಗೆ ಒರೆಸಿಕೊಂಡು ಬಂದು ಮಗಳ ಬೆನ್ನ ಕೆಳಗೆ ಅಂಗೈ ತೂರಿಸಿದಳು. ಆಮೇಲೆ, "ಕೂಸ ಇದ್ದಾಗ ಹಿಂಗ ಆಡತಿತ್ತ ನಿನ್ನ ಬೆನ್ನ. ಬಗಲಾಗ ಹಾಕ್ಕೊಂಡ ಮಲಗಿದ್ರ ನನ್ನ ಕೈಗೆ ಬಡೀತಿತ್ತ" ಎಂದಳು. ಅಂದು ಇಬ್ಬರೂ ಬೆಳಗಿನ ಚಹಾ ಮರೆತರು.

ಅಲ್ಲಿಂದ ನೀಲಮ ಕೂಸು ಕಲಿಯುವ ದಾರಿಯಲ್ಲೇ ಎಲ್ಲವನ್ನೂ ಮೊದಲಿನಿಂದ ಕಲಿತಳು. ಮಗ್ಗುಲಾಗುವುದು, ಬೋರಲಾಗುವುದು, ಅಂಬೆಗಾಲಿನಲ್ಲಿ ಹಿಂದೆ ಮುಂದೆ ತೂಗುವುದು. ಒಂದು ಕೈ ಎತ್ತುವ ಮೊದಲು ಉಸಿರು ಎಲ್ಲಿದೆ ಎಂದು ಕೇಳಿಕೊಳ್ಳುವುದು. ಕೈ ಮೇಲೆ ಹೋದಾಗ ಹೆಗಲ ಎಲುಬು ಪಕ್ಕೆಯ ಮೇಲೆ ಜಾರುವುದನ್ನು ಅವಳು ಮೊದಲ ಸಲ ಗಮನಿಸಿದಳು. ಇಷ್ಟು ವರ್ಷ ಮುದ್ರೆಗಳನ್ನು ಬೆರಳಿನಲ್ಲಿ ಮಾಡಿದ್ದೆ, ಅವು ಬೆನ್ನಿನಿಂದ ಹುಟ್ಟುತ್ತವೆಯಲ್ಲ ಎಂದು ಬೆರಗಾದಳು. ಫೋನಿನಲ್ಲಿ ಹುಡುಕಿದಾಗ ದೂರದ ಊರುಗಳ ನರ್ತಕರು ಇದನ್ನೇ ನೆಲದ ಮೇಲೆ ಮಲಗಿ ಅಭ್ಯಾಸ ಮಾಡುವುದು ಕಂಡಿತು. ಸೊಮ್ಯಾಟಿಕ್ ಎಂದು ಅದಕ್ಕೊಂದು ಹೆಸರೂ ಇತ್ತು. ಮೈಯನ್ನು ಕನ್ನಡಿಯಿಂದಲ್ಲದೆ ಒಳಗಿನಿಂದ ಅರಿಯುವ ಅಭ್ಯಾಸ. ಪುಣೆಗೆ ಹೋಗಿ ಒಂದು ಶಿಬಿರದಲ್ಲಿ ಕಲಿತು ಬಂದಳು. ಮಿರಜಿನ ಡಾಕ್ಟರು ಮತ್ತೊಮ್ಮೆ ಪರದೆ ತಿರುಗಿಸಿದಾಗ ಎಡಗಡೆಯ ಗೆರೆ ಬಲಗಡೆಯಷ್ಟಲ್ಲದಿದ್ದರೂ ಏರುತ್ತಿತ್ತು, ಇಳಿಯುತ್ತಿತ್ತು. ಡಾಕ್ಟರು ಅವಳ ಮುಖ ನೋಡಿ ನಕ್ಕರು.

ಶಿಷ್ಯೆ ಮತ್ತೆ ಕುಣಿಯುತ್ತಾಳೆಂಬ ಸುದ್ದಿ ಕೇಳಿ ಕಮಲಾಬಾಯಿ ನಿಪ್ಪಾಣಿಯಿಂದ ಬಂದರು. ಅವರಿಗೆ ಆಗಲೇ ವಯಸ್ಸಾಗಿತ್ತು. ನೀಲಮ ಅವರ ಮುಂದೆ ಹಾರಲಿಲ್ಲ, ಓಡಲಿಲ್ಲ. ನಿಂತು, ಕೈ ತೆರೆದು, ಒಂದು ಉಸಿರಿಗೆ ಒಂದು ಚಲನೆಯಂತೆ ನಿಧಾನವಾಗಿ ಒಂದು ಅಲರಿಪು ಮಾಡಿದಳು. ಕಮಲಾಬಾಯಿ ಎದ್ದು ಬಂದು ಅವಳ ಬೆನ್ನಿನ ಮೇಲೆ ಕೈ ಇಟ್ಟರು.

"ನಾ ನಿಮಗೆಲ್ಲಾ ಹೊಟ್ಟಿ ಹಿಡೀರಿ ಅಂದೆ. ನನಗೂ ಹಂಗ ಹೇಳಿದ್ರು" ಎಂದರು. "ಹಿಡದದ್ದನ್ನ ಯಾವಾಗ ಬಿಡಬೇಕು ಅಂತ ನನಗ ಯಾರೂ ಹೇಳ್ಲಿಲ್ಲ ನೋಡ ನೀಲೂ. ನನಗೂ ಒಂದಿಷ್ಟು ಕಲಸು."

ಗುರು ಕೌದಿಯ ಮೇಲೆ ಮಲಗಿದರು. ಶಿಷ್ಯೆ ಪಕ್ಕದಲ್ಲಿ ಕೂತು, "ಭಾರ ಬಿಡ್ರಿ ಬಾಯಿ, ನೆಲ ಹಿಡೀತೈತಿ" ಎಂದಳು. ಹೀಗೆ ಅವಳ ಮೊದಲ ವಿದ್ಯಾರ್ಥಿನಿ ಅವಳ ಗುರುವೇ ಆದರು.

ಅಥಣಿಗೆ ಮರಳಿದ ನೀಲಮ ಶಾಲೆಗೆ ಹೋಗಲಿಲ್ಲ. ಪೇಟೆಯಲ್ಲಿ ಚಪ್ಪಲಿ ಅಂಗಡಿಯೊಂದರ ಮೇಲಿನ ಹಾಲ್ ಬಾಡಿಗೆ ಹಿಡಿದು ಸ್ವಂತ ಕ್ಲಾಸು ತೆರೆದಳು. ಕೆಳಗೆ ಚರ್ಮ ಬಡಿಯುವ ಸದ್ದು, ಮೆಟ್ಟಿಲ ತುಂಬ ಹದಮಾಡಿದ ಚರ್ಮದ ವಾಸನೆ. ಬಂದ ಮಕ್ಕಳನ್ನು ಮೊದಲು ಚಾಪೆಯ ಮೇಲೆ ಮಲಗಿಸುತ್ತಿದ್ದಳು. ಕೆಲವು ತಾಯಂದಿರು ಬಾಗಿಲಲ್ಲಿ ನಿಂತು, "ಮಲಗೂದಾದ್ರ ಮನ್ಯಾಗ ಮಲಗತಾವ್ರಿ ಟೀಚರ್, ಇಲ್ಲಿಗ್ಯಾಕ ಕಳಸಬೇಕು?" ಎಂದು ಕೇಳಿ ಮಕ್ಕಳನ್ನು ಬಿಡಿಸಿಕೊಂಡು ಹೋದರು. ಉಳಿದವರು ಉಳಿದರು. ಉಳಿದ ಮಕ್ಕಳ ಮಂಡಿ ನೋವು ಕಡಿಮೆಯಾಯಿತು, ಕುಣಿತದ ಕೊನೆಗೆ ಮುಖ ಕೆಂಪೇರುವುದು ನಿಂತಿತು. ಆದರೆ ನೀಲಮ ತಾನು ಮಾತ್ರ ತಿರುಗುವ ಹೆಜ್ಜೆ ಬಂದಾಗಲೆಲ್ಲ ಬಾಯಲ್ಲಿ ಹೇಳಿ ಮಕ್ಕಳಿಂದ ಮಾಡಿಸುತ್ತಿದ್ದಳು.

ಐಗಳಿಯ ಉಜ್ವಲಾ ಬಂದದ್ದು ಆ ಕಾಲಕ್ಕೆ. ದ್ರಾಕ್ಷಿ ತೋಟದ ಮುರಗೆಪ್ಪನವರ ಮಗಳು, ಕಾಲೇಜು ಹುಡುಗಿ. ಸಾಂಗಲಿಯಲ್ಲಿ ಭರತನಾಟ್ಯ ಕಲಿತಿದ್ದಳು. ಅವಳ ಕಣ್ಣು, ಅವಳ ಪಾದ, ಅವಳ ತಾಳಜ್ಞಾನ ನೋಡಿದ ನೀಲಮಳಿಗೆ ಇಷ್ಟು ದೊಡ್ಡ ಕಲಾವಿದೆ ತನ್ನ ಹಾಲಿಗೆ ಯಾಕೆ ಬಂದಳೆಂದೇ ತಿಳಿಯಲಿಲ್ಲ. ಹೇಳಿದವಳು ಜೊತೆಗೆ ಬಂದಿದ್ದ ತಾಯಿ ಸೋನಾಬಾಯಿ.

"ಬೆಳಗಾಂವ್ದಾಗ ಕುಣಕೋತ ಕುಣಕೋತ ಎಚ್ಚರ ತಪ್ಪಿ ಬಿದ್ಲರಿ ಟೀಚರ್. ಡಾಕ್ಟರ್ ಎಲ್ಲಾ ತಪಾಸ ಮಾಡಿದ್ರು, ಏನೂ ಇಲ್ಲ ಅಂತಾರ. ಇವರಪ್ಪ ಸಾಕ ಬಿಡು ಇನ್ನ ಅಂದಾರ. ಇಕಿ ಊಟಾ ಬಿಟ್ಟ ಕುಂತಾಳ. ಕಮಲಾಬಾಯಾರು ನಿಮ್ಮ ಹೆಸರ ಹೇಳಿದ್ರು."

ನೀಲಮ ಹುಡುಗಿಗೆ ಒಂದು ತುಣುಕು ಕುಣಿಯಲು ಹೇಳಿ ತಾನು ಕಣ್ಣು ಮುಚ್ಚಿ ಕೂತಳು. ಗೆಜ್ಜೆ ಕೇಳಿಸಿತು, ನೆಲ ಕೇಳಿಸಿತು. ಉಸಿರು ಕೇಳಿಸಲೇ ಇಲ್ಲ. ವೇಗ ಹೆಚ್ಚಿದಂತೆ ಹುಡುಗಿ ಉಸಿರನ್ನು ಒಳಗೆ ಎಳೆದು ಬೀಗ ಹಾಕಿ, ತುಣುಕು ಮುಗಿಯುವವರೆಗೆ ಬಿಡುತ್ತಲೇ ಇರಲಿಲ್ಲ. ನೀಲಮಳಿಗೆ ತನ್ನ ಹಳೆಯ ಮೈ ನೆನಪಾಯಿತು.

ಪ್ರತಿ ರವಿವಾರ ತಾಯಿ ಮಗಳು ಐಗಳಿಯಿಂದ ಬರತೊಡಗಿದರು. ಉಜ್ವಲಾ ಚಾಪೆಯ ಮೇಲೆ, ಸೋನಾಬಾಯಿ ಗೋಡೆಗೆ ಒರಗಿ. ಸೋನಾಬಾಯಿ ವಿಹಾರದ ಓಣಿಯ ನೀಲಮಳ ಕೊಡದ ನೀರು ಮುಟ್ಟದೆ, ಮನೆಯಿಂದ ತಂದ ಬಾಟಲಿಯ ನೀರನ್ನೇ ಕುಡಿಯುತ್ತಿದ್ದಳು. ನೀಲಮ ಅದನ್ನು ಕಂಡೂ ಕಾಣದಂತೆ ಇದ್ದಳು. ಸೋನಾಬಾಯಿಯ ಬಲಗೈ ಎದೆಗಿಂತ ಮೇಲೆ ಏರುತ್ತಿರಲಿಲ್ಲ. ಮದುವೆಯಾಗಿ ಬಂದಾಗಿನಿಂದ ದ್ರಾಕ್ಷಿ ಚಪ್ಪರದ ಕೆಳಗೆ ಆಳುಗಳ ಸಮಕ್ಕೆ ನಿಂತು, ತಲೆಯ ಮೇಲೆ ಕೈ ಎತ್ತಿ ಬಳ್ಳಿ ಕತ್ತರಿಸಿದ ಹೆಗಲು ಅದು. ಈಗ ಹಿಡಿದುಕೊಂಡುಬಿಟ್ಟಿತ್ತು. ಇಂಜೆಕ್ಷನ್ ಆಗಿತ್ತು, ಎಣ್ಣೆ ತಿಕ್ಕಿದ್ದಾಗಿತ್ತು. ತುರುಬು ಕಟ್ಟಿಕೊಳ್ಳಲು ಮಗಳೇ ಬೇಕಾಗಿತ್ತು.

"ಕಾಕೂ, ಸುಮ್ಮ ಕುಂತ ಏನ ಮಾಡ್ತೀರಿ, ನೀವೂ ಒಂದಿಷ್ಟ ಮಲಗರ್ರಿ" ಎಂದಳು ನೀಲಮ ಒಂದು ದಿನ.

"ನಾ ಎಲ್ಲಿ ಕುಣೀಲೆವಾ ಈ ವಯಸ್ಸಿನ್ಯಾಗ."

"ಕುಣ್ಯಾಕ ಅಲ್ರಿ. ಉಸರ ನೋಡಾಕ."

ಸೋನಾಬಾಯಿ ನಾಚಿಕೊಂಡು, ಸೆರಗು ಬಿಗಿದು, ಗೋಡೆಯ ಬದಿಯ ಚಾಪೆಯ ಮೇಲೆ ಮಲಗಿದಳು. ಕೈ ಎತ್ತಿರೆಂದು ನೀಲಮ ಹೇಳಲಿಲ್ಲ. ಕೈ ಎತ್ತುವುದನ್ನು ಮನಸ್ಸಿನಲ್ಲಿ ಮಾತ್ರ ನೋಡಿ, ಉಸಿರು ಬಿಡುವಾಗ ಹೆಗಲು ನೆಲಕ್ಕೆ ಇಳಿಯಲಿ ಎಂದಳು. ಕೆಲವು ವಾರ ಅಷ್ಟೇ. ಆಮೇಲೆ ಮೊಣಕೈ ಒಂದು ಬೆರಳಷ್ಟು ಜಾರಿಸುವುದು, ನೋವು ಬರುವ ಮೊದಲೇ ನಿಲ್ಲುವುದು, ವಿಶ್ರಾಂತಿ. ಇಷ್ಟು ಸಣ್ಣ ಕೆಲಸಕ್ಕೆ ಇಷ್ಟು ಹೊತ್ತೇ ಎಂದು ಸೋನಾಬಾಯಿ ನಗುತ್ತಿದ್ದಳು, ಆದರೆ ತಪ್ಪಿಸುತ್ತಿರಲಿಲ್ಲ. ಚಳಿಗಾಲ ಕಳೆದು ಬಿಸಿಲು ಏರುವ ಹೊತ್ತಿಗೆ ಒಂದು ರವಿವಾರ ಅವಳು ಮೆಟ್ಟಿಲು ಹತ್ತಿ ಬಂದಾಗ ತುರುಬಿನಲ್ಲಿ ಅಬ್ಬಲಿ ಹೂವಿತ್ತು. ಉಜ್ವಲಾ, "ಟೀಚರ್, ಇವತ್ತ ಅವ್ವ ತನ್ನ ತುರುಬ ತಾನ ಕಟ್ಟಿಕೊಂಡಾಳ" ಎಂದಳು. ನೀಲಮ ಚಹಾ ತರಿಸಿದಳು. ಸೋನಾಬಾಯಿ ಕಪ್ಪನ್ನು ಬಲಗೈಯಲ್ಲೇ ಹಿಡಿದು ಕುಡಿದಳು.

ತಾಯಿಯ ಹೆಗಲು ಸಡಿಲವಾಯಿತು, ಮಗಳ ಉಸಿರಿನ ಬೀಗ ಮಾತ್ರ ತೆರೆಯಲಿಲ್ಲ. ಮಲಗಿದಾಗ ಹುಡುಗಿಯ ಬೆನ್ನು ಚೆನ್ನಾಗಿ ಆಡುತ್ತಿತ್ತು. ನಿಧಾನದ ಕುಣಿತದಲ್ಲೂ ಆಡುತ್ತಿತ್ತು. ವೇಗದ ಸುತ್ತುಗಳು ಬಂದವೆಂದರೆ ಬಾಯಿ ಮುಚ್ಚಿ, ಗಂಟಲು ಬಿಗಿದು, ಮುಖ ಬಿಳಿಚಿಕೊಳ್ಳುತ್ತಿತ್ತು. ತಿರುಗುವಾಗ ಉಸಿರು ಬಿಡು ಎಂದು ನೀಲಮ ಎಷ್ಟು ಹೇಳಿದರೂ ಪ್ರಯೋಜನವಾಗಲಿಲ್ಲ. ತಾನೇ ತಿರುಗಿ ತೋರಿಸಬೇಕಿತ್ತು. ಅದು ಅವಳ ಕೈಲಾಗುತ್ತಿರಲಿಲ್ಲ. ಶ್ರಾವಣದಲ್ಲಿ ಅಥಣಿಯ ಮಂಗಲ ಕಾರ್ಯಾಲಯದಲ್ಲಿ ಉಜ್ವಲಾ ಕುಣಿಯಬೇಕೆಂದು ನಿಗದಿಯಾಗಿತ್ತು. ಮುರಗೆಪ್ಪನವರು ಮಗಳ ಹಟಕ್ಕೆ ಒಪ್ಪಿದ್ದರು, ಆದರೆ ಒಂದೇ ಸಲ ಎಂದಿದ್ದರು.

ನಾಗರ ಪಂಚಮಿಯ ಹತ್ತಿರದ ರವಿವಾರ. ಉಜ್ವಲಾ ಅದೇ ಸುತ್ತಿನಲ್ಲಿ ಮತ್ತೆ ತಡವರಿಸಿ ನಿಂತು, ಗೋಡೆಗೆ ಮುಖ ಮಾಡಿ ಅಳುತ್ತಿದ್ದಳು. ಚಾಪೆಯ ಮೇಲಿದ್ದ ಸೋನಾಬಾಯಿ ಎದ್ದು ಕೂತು, ಯಾರಿಗೂ ಅಲ್ಲವೆಂಬಂತೆ ಹೇಳಿದಳು:

"ನಾವು ಫುಗಡಿ ಆಡೂವಾಗ ಬಾಯಿಲೆ ಫೂ ಅಂತಿದ್ವಿ. ಅನ್ನಲಿಲ್ಲಂದ್ರ ತಲಿ ತಿರಗತಿತ್ತ."

ನೀಲಮ ತಿರುಗಿ ನೋಡಿದಳು. ಪಂಚಮಿ ಬಂತೆಂದರೆ ಹೆಂಗಸರು ಅಂಗಳದಲ್ಲಿ ಇಬ್ಬಿಬ್ಬರಾಗಿ ಕೈ ಕತ್ತರಿ ಹಾಕಿ ಹಿಡಿದು, ಹಿಂದಕ್ಕೆ ವಾಲಿ ಗಿರಗಿರ ತಿರುಗುವ ಫುಗಡಿಯನ್ನು ಅವಳೂ ಸಣ್ಣವಳಿದ್ದಾಗ ಆಡಿದ್ದಳು. ಆ ಫೂ ಎನ್ನುವ ಸದ್ದು ಆಟದ ಸದ್ದೆಂದೇ ತಿಳಿದಿದ್ದಳು.

"ತೋರಸರ್ರಿ ಕಾಕೂ."

"ಒಬ್ಬಾಕಿನ ಹೆಂಗ ತೋರಸ್ಲಿ? ಇಬ್ಬರ ಬೇಕು." ಸೋನಾಬಾಯಿ ಎದ್ದು ಬಂದು ಎರಡೂ ಕೈ ಮುಂದೆ ಚಾಚಿದಳು. "ಹಿಡಿ."

ನೀಲಮ ಒಂದು ಹೆಜ್ಜೆ ಹಿಂದೆ ಸರಿದಳು. ಹಾಲಿನಲ್ಲಿ ಮಕ್ಕಳೆಲ್ಲ ನೋಡುತ್ತಿದ್ದರು. "ನನಗ ತಿರಗಾಕ ಅಂಜಿಕಿ ಬರತೈತ್ರಿ" ಎಂದಳು. ಇದುವರೆಗೆ ಯಾರ ಮುಂದೆಯೂ ಹೇಳದ ಮಾತು ಅದು.

"ನನ್ನ ಭಾರ ನಿನ್ನ ಕೈಯಾಗ, ನಿನ್ನ ಭಾರ ನನ್ನ ಕೈಯಾಗ. ಯಾರೂ ಬೀಳೂದಿಲ್ಲ, ಬಾ."

ಕೈ ಕತ್ತರಿಯಾದವು, ಕಾಲ ತುದಿಗಳು ಕೂಡಿದವು. ಇಬ್ಬರೂ ಹಿಂದಕ್ಕೆ ವಾಲಿದರು. ಸೋನಾಬಾಯಿಯ ಹೆಗಲು ತನ್ನ ಭಾರವನ್ನು ಹಿಡಿದದ್ದು ನೀಲಮಳ ಬೆರಳಿಗೆ ತಿಳಿಯಿತು. ಮೊದಲು ಮೆಲ್ಲಗೆ ತಿರುಗಿದರು. ಸೋನಾಬಾಯಿ ತುಟಿ ಮುಂದೆ ಮಾಡಿ ಹೆಜ್ಜೆಗೊಂದರಂತೆ ಫೂ, ಫೂ ಎಂದಳು. ನೀಲಮಳೂ ಅಂದಳು. ಪ್ರತಿ ಫೂ ಜೊತೆಗೆ ಹೊಟ್ಟೆಯ ತಳದಿಂದ ಗಾಳಿ ಹೊರಗೆ ಹೋಗುತ್ತಿತ್ತು, ಒಳಗೆ ಬರುವುದನ್ನು ತರಬೇಕಾಗಿಯೇ ಇರಲಿಲ್ಲ, ಅದು ತಾನೇ ಬಂದು ತುಂಬುತ್ತಿತ್ತು. ವೇಗ ಏರಿತು. ಕಿಟಕಿ, ಬಾಗಿಲು, ಮಕ್ಕಳ ಮುಖ ಎಲ್ಲ ಒಂದೇ ಪಟ್ಟಿಯಾಗಿ ಹರಿಯಿತು. ಆ ಹರಿವಿನ ನಡುವೆ ನಿಂತದ್ದು ಸೋನಾಬಾಯಿಯ ಮುಖ ಒಂದೇ. ಅದರಲ್ಲಿ ಹದಿನಾರು ವರ್ಷದ ಹುಡುಗಿಯೊಬ್ಬಳು ನಗುತ್ತಿದ್ದಳು. ಕಣ್ಣಿಗೆ ಕತ್ತಲೆ ಬರಲಿಲ್ಲ. ನೆಲ ಜಾರಲಿಲ್ಲ. ಯಾವ ಉಸಿರು ತನ್ನದು, ಯಾವುದು ಅವಳದು ಎಂಬುದು ನೀಲಮಳಿಗೆ ತಿಳಿಯದಾಯಿತು. ಇಬ್ಬರನ್ನೂ ಯಾವುದೋ ಒಂದೇ ಗಾಳಿ ತಿರುಗಿಸುತ್ತಿತ್ತು.

ಸುತ್ತು ನಿಂತಿತು. ನೀಲಮ ಕೈ ಬಿಡದೆ ಹಾಗೇ ನಿಂತಳು. ಎದೆಯೊಳಗೆ ಎರಡೂ ಪಕ್ಕ ಒಂದೇ ಸಮ ಏರಿ ಇಳಿಯುವುದು ಅವಳಿಗೆ ಕೇಳಿಸುವಷ್ಟು ಸ್ಪಷ್ಟವಿತ್ತು. ಪುಣೆಗೆ ಹೋಗಿ ಕಲಿತದ್ದು, ವಿಹಾರದಲ್ಲಿ ಅಪ್ಪ ಕೂತು ಕಂಡದ್ದು, ಐಗಳಿಯ ಅಂಗಳದಲ್ಲಿ ಹೆಂಗಸರು ಆಡಿಕೊಂಡು ಬಂದದ್ದು ಎಲ್ಲವೂ ಒಂದೇ ಕಡೆಗೆ ಹೋಗಿ ಸೇರುತ್ತವೆ ಎಂಬುದು ಅವಳಿಗೆ ಆಗ ಹೊಳೆಯಿತು.

"ಏ ಉಜ್ವಲಾ, ಬಾರ ಬೇ" ಎಂದಳು ಸೋನಾಬಾಯಿ, ಸೆರಗು ಸರಿಮಾಡಿಕೊಂಡು.

ಮಗಳು ಕಣ್ಣೊರೆಸಿಕೊಂಡು ಬಂದಳು. ತಾಯಿ ಮಗಳು ತಿರುಗಿದರು. ಸುಮಾರು ಹೊತ್ತು ಉಜ್ವಲಾಳ ಬಾಯಿಂದ ಸದ್ದೇ ಹೊರಡಲಿಲ್ಲ. "ಅನ್ನು" ಎಂದಳು ತಾಯಿ. ಕೊನೆಗೆ ಒಂದು ಫೂ ಬಂತು, ಅಳುವಿನ ಹಾಗೆ. ಮತ್ತೊಂದು ನಗುವಿನ ಹಾಗೆ. ಆಮೇಲೆ ಸಾಲಾಗಿ ಬಂದವು. ಆ ಸಂಜೆ ಕತ್ತಲಾಗುವ ಮೊದಲು ಹುಡುಗಿ ಗೆಜ್ಜೆ ಕಟ್ಟಿ ತನ್ನ ಭರತನಾಟ್ಯದ ಸುತ್ತುಗಳನ್ನು ಮಾಡಿದಳು. ಫೂ ಎನ್ನುವುದು ತುಟಿಯಿಂದ ಒಳಕ್ಕೆ ಸರಿದು, ಬರಿಯ ಉಸಿರಾಗಿ, ಪ್ರತಿ ತಿರುವಿನ ಕೊನೆಗೆ ಹಗುರಾಗಿ ಹೊರಬಂತು. ಮುಖ ಬಿಳಿಚಿಕೊಳ್ಳಲಿಲ್ಲ.

ಮಂಗಲ ಕಾರ್ಯಾಲಯದಲ್ಲಿ ಅಂದು ಬಹಳ ಜನ ಸೇರಿದ್ದರು. ಐಗಳಿಯಿಂದ ಟಂಟಂ ರಿಕ್ಷಾ ತುಂಬ ನೆಂಟರು, ಕಾಲೇಜಿನ ಹುಡುಗಿಯರು, ಮುಂದಿನ ಸಾಲಿನಲ್ಲಿ ಕಮಲಾಬಾಯಿ, ಅವರ ಪಕ್ಕದಲ್ಲಿ ಇಸ್ತ್ರಿ ಅಂಗಿ ತೊಟ್ಟ ನಾಮದೇವ, ಸತ್ತೆವ್ವ. ನೀಲಮ ವೇದಿಕೆಯ ಬದಿಯಲ್ಲಿ ತಾಳ ಹಿಡಿದು ಕೂತಿದ್ದಳು. ಉದ್ದನೆಯ ವರ್ಣ ನಡೆದಿತ್ತು. ವೇಗದ ಭಾಗ ಬಂದಾಗ ಮುರಗೆಪ್ಪನವರು ಕುರ್ಚಿಯಿಂದ ಅರ್ಧ ಎದ್ದು ನಿಂತದ್ದನ್ನು ನೀಲಮ ಕಂಡಳು. ಹುಡುಗಿ ತಿರುಗಿದಳು. ತಾಳದ ಎರಡು ಪೆಟ್ಟಿನ ನಡುವೆ ನೀಲಮಳಿಗೆ ಆ ಉಸಿರು ಕೇಳಿಸಿತು. ಮತ್ತೆ ತಿರುಗಿದಳು, ಮತ್ತೆ ಕೇಳಿಸಿತು. ಬೆವರಿದ ಆ ಬೆನ್ನು ಬಟ್ಟೆಯೊಳಗೆ ಅಗಲವಾಗಿ ತೆರೆದುಕೊಳ್ಳುತ್ತಿತ್ತು, ಮುಚ್ಚಿಕೊಳ್ಳುತ್ತಿತ್ತು. ಕುಣಿತ ದೊಡ್ಡದಾಗುತ್ತಾ ಹೋಯಿತು, ಆದರೆ ಕುಣಿಯುವವಳು ದಣಿಯುತ್ತಿರಲಿಲ್ಲ. ನೀಲಮ ಒಮ್ಮೆ ತಲೆ ಎತ್ತಿ ನೋಡಿದಳು. ಮುಂದಿನ ಸಾಲುಗಳ ಜನರ ಹೆಗಲುಗಳು, ಅವರಿಗೆ ಅರಿವಿಲ್ಲದೆಯೇ, ಹುಡುಗಿಯ ಉಸಿರಿಗೆ ಸರಿಯಾಗಿ ಏರುತ್ತಿದ್ದವು, ಇಳಿಯುತ್ತಿದ್ದವು. ತಾಳ ತಪ್ಪೀತೆಂದು ಕಣ್ಣು ಕೆಳಗೆ ಮಾಡಿದಳು.

ಮುಗಿದ ಮೇಲೆ ಚಪ್ಪಾಳೆ ಎದ್ದಿತು. ಮುರಗೆಪ್ಪನವರು ಮೆಲ್ಲಗೆ ಕುರ್ಚಿಯಲ್ಲಿ ಕೂತು, ಟೋಪಿ ತೆಗೆದು ತೊಡೆಯ ಮೇಲೆ ಇಟ್ಟುಕೊಂಡರು. ಇನ್ನು ಸಾಕು ಎಂದು ಅವರು ಮುಂದೆ ಯಾವತ್ತೂ ಅನ್ನಲಿಲ್ಲ.

ಮುಂದಿನ ರವಿವಾರ ನೀಲಮ ಹಾಲಿನ ಬೀಗ ತೆಗೆಯಲು ಬಂದಾಗ ಚಪ್ಪಲಿ ಅಂಗಡಿಯ ಮುಂದೆ ಟಂಟಂ ನಿಂತಿತ್ತು. ಸೋನಾಬಾಯಿ ಐಗಳಿಯ ಹೆಂಗಸರನ್ನು ಕರೆತಂದಿದ್ದಳು. ತೋಟದ ಒಡತಿಯರಿದ್ದರು, ತೋಟದಲ್ಲಿ ದುಡಿಯುವವರಿದ್ದರು. ಎಲ್ಲರ ಹೆಗಲೂ ಚಪ್ಪರದ ಕೆಳಗೆ ಸವೆದವೇ. "ಇವರಿಗೂ ಒಂದಿಷ್ಟ ಉಸರ ತೋರಸವಾ" ಎಂದಳು. ಚಾಪೆ ಸಾಲದೆ ಕೆಳಗಿನ ಅಂಗಡಿಯವರು ಗೋಣಿತಾಟು ಕೊಟ್ಟು ಕಳಿಸಿದರು. ಹೆಂಗಸರು ಮೊದಲು ಮುಸಿಮುಸಿ ನಕ್ಕರು, ಒಬ್ಬರನ್ನೊಬ್ಬರು ಚಿವುಟಿದರು, ಆಮೇಲೆ ಮಂಡಿ ಮಡಚಿ ಮಲಗಿ ಕಣ್ಣು ಮುಚ್ಚಿದರು.

"ಭಾರ ಬಿಡ್ರಿ" ಎಂದಳು ನೀಲಮ. "ನೆಲ ಹಿಡೀತೈತಿ."

ಗೋಡೆಯಿಂದ ಗೋಡೆಯವರೆಗೆ ಬಣ್ಣಬಣ್ಣದ ಸೀರೆಗಳು ಮೆಲ್ಲಮೆಲ್ಲನೆ ಏರತೊಡಗಿದವು, ಇಳಿಯತೊಡಗಿದವು. ಅವಳು ನಡುವೆ ಕೂತು ನೋಡುತ್ತಿದ್ದಳು.